ಚಂದ್ರವಳ್ಳಿಯ ಚೀನಾ ನಾಣ್ಯ

ಪ್ರೀತಿಯ ಅಪ್ಪಾ,

ನೀನು ತೀರಿಹೋಗಿ ಎರಡು ವರ್ಷವಾದರೂ ಇವತ್ತಿನ ಸುದ್ದಿಯನ್ನು ನಿನಗೇ ಹೇಳಬೇಕೆನ್ನಿಸಿತು. ಇಲ್ಲಿ ಪರದೇಶದ ಈ ಊರು ಟ್ರುಗನಿನಾದಲ್ಲಿ ನಮ್ಮ ಪಕ್ಕದ ಮನೆಯ ಲಿನ್ ಆಂಟಿ, ತಮ್ಮ ಅಜ್ಜ ಕೂಡಿಟ್ಟಿದ್ದ ಕಂಚಿನ ನಾಣ್ಯಗಳನ್ನು ನಿನ್ನ ಮೊಮ್ಮಗಳು ಇಳಾಗೆ ತೋರಿಸಿದರು. ಚೀನಾದ ಹಾನ್ ರಾಜರ ಕಾಲದವಂತೆ, ಎರಡು ಸಾವಿರ ವರ್ಷ ಹಳೆಯವು. ದಾರಕ್ಕೆ ಪೋಣಿಸಿ ಒಯ್ಯಲು ನಡುವೆ ಚೌಕದ ತೂತು.

“ನಮ್ಮ ಚಿತ್ರದುರ್ಗದ ಹತ್ತಿರ ಚಂದ್ರವಳ್ಳೀಲೂ ಹಳೇ ಚೀನಾ ನಾಣ್ಯ ಸಿಕ್ಕಿದೆ,” ಅಂದೆ. ಆಂಟಿ ನಂಬಲಿಲ್ಲ. ಹಿಸ್ಟರಿ ಮೇಷ್ಟ್ರ ಮಗಳಲ್ಲವೇ, ನಾನೂ ಬಿಡಲಿಲ್ಲ. ಥೇಟ್ ನಿನ್ನ ಹಾಗೆಯೇ ಬೆರಳೆತ್ತಿ ವಾದಿಸಿದೆ. ಕೊನೆಗೆ ಆಂಟಿ ನಕ್ಕು ಒಪ್ಪಿಕೊಂಡರು.

ಆಗ ಇಳಾ ಕೇಳಿದಳು: “ಅಷ್ಟು ದೂರ ಅದನ್ನ ಯಾರು ಕ್ಯಾರಿ ಮಾಡಿದ್ರು, ಅಮ್ಮಾ?”

ನನಗೆ ಗೊತ್ತಿರಲಿಲ್ಲ. ನೀನು ಇಲ್ಲಿಗೆ ಬಂದಿದ್ದಾಗ, ನನ್ನ ಆಫೀಸಿನವರು ಊಟಕ್ಕೆ ಬಂದ ದಿನ, ನೀನೇ ಉತ್ಸಾಹದಿಂದ ಆ ನಾಣ್ಯದ ಕತೆ ಶುರು ಮಾಡಿದ್ದೆ. ಕತೆ ನಾಣ್ಯ ಸಿಕ್ಕಿದ ಘಟ್ಟಕ್ಕೆ ಬರುವಷ್ಟರಲ್ಲಿ ನಾನು, “ಸಾಕು ಬಿಡಪ್ಪಾ, ಅವರಿಗೆ ಬೋರ್ ಆಗುತ್ತೆ,” ಅಂದೆ. ನೀನು ಮುಗುಳ್ನಕ್ಕು ಎಲ್ಲರಿಗೂ ಹೋಳಿಗೆ ಬಡಿಸತೊಡಗಿದೆ.

ಉಳಿದ ಕತೆಯನ್ನು ನಾನು ಆಮೇಲೂ ಕೇಳಲಿಲ್ಲ. ಇಳಾಗೆ, “ನಾಳೆ ಹೇಳ್ತೀನಿ ಪುಟ್ಟಾ,” ಅಂದಿದ್ದೇನೆ.

ನಿನ್ನ,
ಸುಮೇಧಾ