ಮಿಸನ್ ಗಿಡ ಕೀಳುವ ದಿನ

ಮಾರ್ಚ್ 6, ಸಂಜೆ ಆರು

ಮೆಣಸಿನ ಬೀಜ ಟ್ರೇಗೆ ಹಾಕಿದೆ. ಅತ್ತೆಗೆ ಗಂಜಿ. ಮಧ್ಯಾಹ್ನ ಆಫೀಸಿನವರು ಬಂದು ಅಂಗಳದಲ್ಲಿ ಕೆಂಪು ಗೂಟ ಹೊಡೆದು ಹೋದರು. ರಸ್ತೆ ಅಗಲ ಮಾಡ್ತಾರಂತೆ. ತಿಂಗಳ ಕೊನೆಗೆ ಶುರು. ಮಿಸನ್ ಗಿಡ ಗೂಟದ ಆಚೆ, ರಸ್ತೆಯ ಪಾಲಿಗೆ ಬಿತ್ತು.

ನಮ್ಮ ಯಜಮಾನರು, ಇವರೇ ಬೀಜ ಹಾಕಿ ಬೆಳೆಸಿದ್ದು. ಎಲೆಗಿಂತ ಮೊದಲು ಹೂ ಬಿಡೋ ಪೊದೆ, ನನ್ನ ಸೊಂಟದಷ್ಟೆತ್ತರ, ಅಷ್ಟೆ. ಕಳೆದ ಅಕ್ಟೋಬರಿನಲ್ಲಿ ಇವರ ಬೂದಿಯನ್ನು ಅದರ ಬುಡದ ಮಣ್ಣಿಗೇ ಕಲಸಿದೆವು. ಇವರೇ ಹೇಳಿದ್ದರು ಹಾಗೆ.

ಪಕ್ಕದ ನರ್ಸರಿಯ ಪ್ಯೋ ಅಣ್ಣ ಬಂದು ನೋಡಿದರು. "ಮೊಗ್ಗು ಇನ್ನೂ ಬಿಗಿಯಾಗಿದೆ ತಂಗಿ. ಈಗ ಕಿತ್ತು ಹಿತ್ತಲಲ್ಲಿ ನೆಟ್ರೆ ಬದುಕುತ್ತೆ. ಹೂ ಬಿಟ್ಮೇಲೆ ಕಷ್ಟ."

"ನಾಳೆನೇ ಬನ್ನಿ" ಅಂದೆ.

ಒಳಗಿಂದ ಅತ್ತೆ— "ದಿನ ನೋಡ್ದೆ ಮಣ್ಣು ಮುಟ್ತೀಯಾ? ದಿಕ್ಕು ದಿಕ್ಕಿಗೆ ತಿರುಗೋ ದೆವ್ವಗಳು ಆಕಾಶಕ್ಕೆ ಹೋಗಿರೋ ದಿನಾನೇ ಮುಟ್ಟಬೇಕು. ಕೊಟ್ಟಿಗೆ ಗೋಡೆ ಕೆಡವಿದಾಗ್ಲೂ ಬಡ್ಕೊಂಡೆ. ಯಾರು ಕೇಳಿದ್ರು? ಆ ವರ್ಷವೇ ನನ್ ಮಗನ ಲಿವರ್ ಹೋಯ್ತು."

ಹೆತ್ತವರ ಮಾತು. ಪ್ಯೋ ಅಣ್ಣನಿಗೆ ನಾಳೆ ಬೇಡ ಅಂದೆ.

ಮಾರ್ಚ್ 9

ಅತ್ತೆ ಹೇಳಿದ ದಿನ. ರಾತ್ರಿಯೆಲ್ಲ ಹಿಮ. ನೆಲ ಕಲ್ಲಾಗಿತ್ತು, ಗುದ್ದಲಿ ಇಳಿಯಲಿಲ್ಲ.

ಪ್ಯೋ ಅಣ್ಣ ಕೈ ಉಜ್ಜಿಕೊಳ್ಳುತ್ತ, "ನಿಮ್ಮ ದೆವ್ವಗಳು ಜಾಣ ದೆವ್ವಗಳು ಅಜ್ಜಿ. ಚಳಿ ನೋಡಿ ಮೇಲೆ ಹೋಗಿ ಬೆಚ್ಚಗೆ ಕೂತಿದಾವೆ" ಅಂದರು.

"ನಿನ್ನ ಬಾಯಿಗಿಷ್ಟು ಹಿಮ ಹಾಕ."

ಮುಂದಿನ ಒಳ್ಳೆ ದಿನ 18.

ಮಾರ್ಚ್ 25

ಬರೆಯೋಕೆ ಆಗಲಿಲ್ಲ. ಅತ್ತೆಗೆ ನ್ಯುಮೋನಿಯಾ. 18 ಆಸ್ಪತ್ರೆಯಲ್ಲೇ ಕಳೆಯಿತು. ಒಳ್ಳೆ ದಿನ ಅಂತ ಇನ್ನು ಉಳಿದಿರೋದು 28 ಒಂದೇ. ಆಮೇಲೆ ಬುಲ್ಡೋಜರು.

ಇವತ್ತು ಮನೆಗೆ ಕರೆತಂದೆ. ಗೇಟಿನ ಹತ್ತಿರವೇ ನಿಂತುಬಿಟ್ಟರು. ಕಣ್ಣು ಅಷ್ಟಾಗಿ ಕಾಣೋದಿಲ್ಲ, ಮೂಗು ಮಾತ್ರ ಚುರುಕು.

"ಹೂ ಬಿಟ್ಟಿತಾ?"

ಬಿಟ್ಟಿತ್ತು. ಎಲೆ ಇನ್ನೂ ಒಂದೂ ಇಲ್ಲ. ಕಡ್ಡಿ ತುಂಬ ಬಿಳಿ.

ಮಾರ್ಚ್ 27, ಸಂಜೆ ಐದು

ಹೂವೆಲ್ಲ ತೆಗೆದುಬಿಡಿ, ಇಲ್ಲದಿದ್ದರೆ ಕಿತ್ತ ಬೇರಿಗೆ ಬಲ ಸಾಲದು ಅಂದರು ಪ್ಯೋ ಅಣ್ಣ. ತೆಗೆದರೂ ಅರ್ಧ ಆಸೆ ಅಂತೆ. ಕತ್ತರಿ ಹಿಡಿದು ನಿಂತೆ. ಕೈ ಬರಲಿಲ್ಲ.

"ಕೊಡಿಲ್ಲಿ. ತಡ ಮಾಡ್ಸಿದ್ದು ನಾನು" ಅಂದರು ಅತ್ತೆ.

ಮಣೆ ಹಾಕಿಕೊಂಡು ಕೂತರು. ಒಂದೊಂದು ಕಡ್ಡಿಯನ್ನೂ ತಡವಿ ತಡವಿ ಕತ್ತರಿಸಿದರು. ಮಡಿಲ ತುಂಬ ಹೂವು. ಈ ವರ್ಷದ್ದಷ್ಟೂ.

ಆಗ ಕೇಳಿದೆ. ಗೂಟ ಹೊಡೆದ ದಿನದಿಂದ ಕೇಳಬೇಕು ಅಂತಿದ್ದದ್ದು. "ಅಣ್ಣಾ, ಎಷ್ಟು ಮಣ್ಣು ತೆಗೆದ್ರೆ ಇವರು ಪೂರ್ತಿ ಬಂದಹಾಗೆ?"



ಅತ್ತೆ ಕತ್ತರಿ ನಿಲ್ಲಿಸಲಿಲ್ಲ. "ಬೇರು ಹಿಡ್ಕೊಂಡಷ್ಟು ಬರ್ತಾನೆ. ಮಿಕ್ಕವನು ರಸ್ತೆ ಕೆಳಗಿರ್ತಾನೆ. ಸಂತೆಗೆ ಹೋಗೋಕೆ ನಮಗೂ ಅದೇ ದಾರಿ ತಾನೆ."

ಆಮೇಲೆ ಅತ್ತರು. ಬೂದಿ ಕಲಸಿದ ದಿನವೂ ಅತ್ತಿರಲಿಲ್ಲ.

ಹಿತ್ತಲಲ್ಲಿ ಗುಂಡಿ ಇನ್ನೂ ತೋಡಿಲ್ಲ. ಇವತ್ತು ಮಣ್ಣು ಮುಟ್ಟೋ ಹಾಗಿಲ್ಲ. ನಾಳೆ ಏಳಕ್ಕೆ ಪ್ಯೋ ಅಣ್ಣ ಬರ್ತಾರೆ.