ಕುರ್ಚಿ ತೆಗೆದರಂತೆ

15 ಜುಲೈ, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಕಳೆದ ವರ್ಷ ಕಾಲಿನ ಹುಣ್ಣುಗಳ ಬಗ್ಗೆ ನಾವು ನಡೆಸಿದ ಅಧ್ಯಯನದಲ್ಲಿದ್ದ ಲಗ್ಗೆರೆಯ ಸೆಕ್ಯುರಿಟಿ ಗಾರ್ಡ್ ಚನಬಸಪ್ಪ ಇವತ್ತು ಮತ್ತೆ ಆಸ್ಪತ್ರೆಗೆ ಬಂದಿದ್ದ. ಮೂರು ತಿಂಗಳು ಬಿಗಿಯಾಗಿ ಪಟ್ಟಿ ಸುತ್ತಿ ನಾವು ಮಾಯಿಸಿದ್ದ ಕಣಕಾಲಿನ ಹುಣ್ಣು ಮತ್ತೆ ಬಾಯಿ ಬಿಟ್ಟಿದೆ.

"ಗೇಟಿನಾಗಿನ ಕುರ್ಚಿ ತಗದಾರ್ರೀ ಮೇಡಂ. ಹನ್ನೆರಡು ತಾಸು ನಿಂತ ಇರಬೇಕ್ರೀ," ಅಂದ.

ಇಪ್ಪತ್ತೆರಡು ವರ್ಷದಿಂದ ನರ್ಸಿಂಗ್ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿರುವುದು ಇಷ್ಟೇ: ಕಾಲಿಗಿಳಿದ ರಕ್ತ ಮೇಲಕ್ಕೆ ಹತ್ತದಿದ್ದರೆ ಚರ್ಮ ಸಾಯುತ್ತದೆ. ಮಧ್ಯಾಹ್ನ ಅವನ ಜೊತೆ ಪೀಣ್ಯಕ್ಕೆ ಹೋಗಿ ಅವನು ಗೇಟು ಕಾಯುವ ಫ್ಯಾಕ್ಟರಿಯ ಮ್ಯಾನೇಜರಿಗೂ ಅದನ್ನೇ ಹೇಳಿದೆ. ಆತ ತನ್ನ ಕುರ್ಚಿಯಲ್ಲಿ ಒರಗಿಕೊಂಡೇ ಕೇಳಿದ.

"ಕೂತ್ರೆ ನಿದ್ದೆ ಹೊಡೀತಾರೆ ಮೇಡಂ. ಇವ್ನಿಗೆ ಆಗಲ್ಲ ಅಂದ್ರೆ ಬೇರೆಯವ್ರು ಸಿಗ್ತಾರೆ."

ನಾನು ದನಿ ಏರಿಸಿದೆ. ಚನಬಸಪ್ಪ ನನ್ನನ್ನು ಹೊರಗೆ ಕರೆತಂದು ಕೈಮುಗಿದ. "ಸಾಕ್ರೀ ಮೇಡಂ. ಇದ್ದ ಕೆಲಸಾನೂ ಹೋಗ್ತದ."

ಮನೆಗೆ ಬಂದು ನಮ್ಮ ಅಧ್ಯಯನದ ವರದಿ ತೆಗೆದು ನೋಡಿದೆ. ಪೂರ್ತಿ ಗುಣವಾದವರು ನಲವತ್ತೊಂದು ಮಂದಿ ಎಂದು ನಾನೇ ಬರೆದಿದ್ದೇನೆ. ಅವರಲ್ಲಿ ಚನಬಸಪ್ಪನೂ ಒಬ್ಬ. ಮ್ಯಾನೇಜರನನ್ನು ಬೈದು ಏನು ಬಂತು? ಉಳಿದ ನಲವತ್ತು ಮಂದಿ ಈಗ ಎಲ್ಲಿ ನಿಂತಿದ್ದಾರೆ ಎಂದು ನಾನೂ ಕೇಳಲಿಲ್ಲ.