ಕಿಂಡಿ ಮುಚ್ಚಿಸಿದವರೇ ವಿಚಾರಣೆಗೆ ಕೂತಿದ್ದಾರೆ

ಸಂಶೋಧನಾ ಕೇಂದ್ರದ ಮಾನ್ಯ ಆಡಳಿತಾಧಿಕಾರಿಗಳೇ,

ನಮ್ಮ ಪ್ರಯೋಗಾಲಯದ ಗಾಳಿಕಿಂಡಿಯನ್ನು ಮುಚ್ಚಿಸಿದವರು ನೀವು. ಆ ಪ್ರಯೋಗಾಲಯದೊಳಗೆ ಉಸಿರುಗಟ್ಟಿ ಬಿದ್ದವಳು ನನ್ನ ಸಹೋದ್ಯೋಗಿ ರಾಜೇಶ್ರೀ. ಆಕೆ ಯಾಕೆ ಬಿದ್ದಳೆಂದು ಕಂಡುಹಿಡಿಯಲು ರಚಿಸಿದ ಸಮಿತಿಯ ಅಧ್ಯಕ್ಷರೂ ನೀವೇ. ಇಷ್ಟೆಲ್ಲ ಹೊಣೆಯನ್ನು ಒಬ್ಬರೇ ಹೊತ್ತ ಅಧಿಕಾರಿಯನ್ನು ಕಲಬುರಗಿ ಹಿಂದೆ ಕಂಡಿರಲಾರದು. ಆದ್ದರಿಂದ ಈ ಪತ್ರವನ್ನು ನಿಮ್ಮ ಮೇಜಿಗೆ ಕಳಿಸದೆ ಊರಿನೆದುರು ಓದುತ್ತಿದ್ದೇನೆ.

ನಾವು ಅಲ್ಲಿ ಮಾಡುವ ಕೆಲಸವೇನೆಂದು ನಿಮಗೆ ಈಗಲೂ ಗೊತ್ತಿರಲಿಕ್ಕಿಲ್ಲ. ಬಂದವರಿಗೆಲ್ಲ ನಮ್ಮನ್ನು "ಸಣ್ಣ ಮಣಿ ಮಾಡೋ ಹುಡುಗ್ಯಾರು" ಎಂದು ತೋರಿಸಿದವರು ನೀವು. ಆ ಮಣಿ ಎಂದರೆ ಜೋಳದ ಕಾಳಿಗಿಂತ ಚಿಕ್ಕದಾದ ಪೊಳ್ಳು ಗೋಲಿ. ಅದರ ಒಳಮೈಗೆ ನೊರೆಯಂಥ ಪದರವಿರುತ್ತದೆ. ಅದರ ರಂಧ್ರಗಳು ಬರಿಗಣ್ಣಿಗೆ ಕಾಣುವುದಿಲ್ಲ. ದ್ರವರೂಪದ ಜಲಜನಕವನ್ನು ಹೀರಿ ಹಿಡಿದಿಡುವುದು ಆ ನೊರೆಯ ಕೆಲಸ. ದೂರದ ದೊಡ್ಡ ಪ್ರಯೋಗಾಲಯದಲ್ಲಿ ಎಲ್ಲ ದಿಕ್ಕಿನಿಂದ ಲೇಸರ್ ಬಡಿದಾಗ ಗೋಲಿ ಒಳಕ್ಕೆ ಕುಸಿದು, ಸೂರ್ಯನೊಳಗೆ ನಡೆಯುವಂತೆ ಪರಮಾಣುಗಳು ಬೆಸೆದುಕೊಳ್ಳಬೇಕು. ಈ ನೊರೆಯನ್ನು ಬರೀ ಗಾಳಿಯಲ್ಲಿ ಒಣಗಿಸಿದರೆ ಮುದುಡಿಹೋಗುತ್ತದೆ. ಹಾಗಾಗಿ ಉಕ್ಕಿನ ಪಾತ್ರೆಯಲ್ಲಿಟ್ಟು, ಭಾರೀ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ, ಆಮೇಲೆ ಆ ಅನಿಲವನ್ನು ಮೆಲ್ಲಗೆ ಹೊರಬಿಡಬೇಕು. ಹೊರಗೆ ಎಂದರೆ ಕಿಂಡಿಯ ಫ್ಯಾನಿನ ಮೂಲಕ ಕಟ್ಟಡದಾಚೆಗೆ, ಮಾನ್ಯರೇ. ನಮ್ಮ ಎದೆಯೊಳಕ್ಕಲ್ಲ.

ಆ ಕಿಂಡಿ ನಿಮ್ಮ ಹೊಸ ಸಭಾಂಗಣದ ಎದುರಿಗಿತ್ತು. ಸದ್ದಿನಿಂದ ಅತಿಥಿಗಳ ಭಾಷಣ ಕೆಡುತ್ತದೆ, ಫೋಟೊದಲ್ಲಿ ಗೋಡೆಯ ತೂತು ಕಾಣುತ್ತದೆ ಎಂದಿರಿ. ಎಲೆಕ್ಟ್ರಿಷಿಯನ್ ಪರ್ವೇಜ್ ಏಣಿ ತಂದ. ಶಹಾಬಜಾರದಲ್ಲಿ ನಮ್ಮ ಓಣಿಯವನೇ. ಬೇಡವೆಂದರೆ, "ಸಾಹೇಬ್ರ ಹುಕುಂ ಅದ ಮೇಡಂ, ನಾ ಏನ್ ಮಾಡ್ಲಿ" ಎಂದು ತಲೆ ತಗ್ಗಿಸಿದ. ಫ್ಯಾನ್ ಇಳಿಯಿತು, ಪ್ಲೈವುಡ್ ಏರಿತು, ಅದರ ಮೇಲೆ ಕೈಮುಗಿದು ನಗುವ ನಿಮ್ಮ ಫ್ಲೆಕ್ಸ್ ಬಂತು. ನಮ್ಮ ಗಾಳಿಯ ಜಾಗದಲ್ಲಿ ನಿಮ್ಮ ಮುಖ.

ರಾಜೇಶ್ರೀ ನಿಮ್ಮ ಕೋಣೆಗೆ ಬಂದಾಗ ನಾನೂ ಜೊತೆಗಿದ್ದೆ.

"ಸರ್, ಫ್ಯಾನ್ ಇಲ್ದ ಯಂತ್ರ ಚಾಲೂ ಮಾಡಾಕ ಬರಂಗಿಲ್ರಿ. ಗ್ಯಾಸ್ ಕೋಣ್ಯಾಗೇ ನಿಂದರ್ತದ."

"ಕಿಟಕಿ ತೆಗೀರಿ."

"ಅಲ್ಲಿ ಕಿಟಕೀನೇ ಇಲ್ರಿ. ಧೂಳು ಬಿದ್ರ ಗೋಲಿ ಕೆಡ್ತಾವಂತ ಇಟ್ಟಿಲ್ಲ."

"ಹಂಗಾರ ಬಾಗಿಲು ತೆಗೀರಿ. ಅತಿಥಿಗಳು ಬರೋದ್ರಾಗ ಹೊಸ ಮಣಿ ಟೇಬಲ್ ಮ್ಯಾಲ ಇರ್ಬೇಕು. ಆಗಂಗಿಲ್ಲಂದ್ರ ಈಗೇ ಹೇಳ್ರಿ, ನಿಮ್ಮ ಜಾಗಕ್ಕ ಬರೋರು ಭಾಳ ಮಂದಿ ಅದಾರ."

ಆಕೆ ಗುತ್ತಿಗೆ ನೌಕರಳು. ಗುತ್ತಿಗೆ ಮುಗಿಯುತ್ತ ಬಂದಿತ್ತು, ಮುಂದುವರಿಸುವ ಸಹಿ ನಿಮ್ಮದು. ಅದನ್ನು ನೀವು ಬಾಯಿಬಿಟ್ಟು ಹೇಳಲಿಲ್ಲ. ಅಷ್ಟು ಸಭ್ಯರು ನೀವು.

ಬಾಗಿಲು ತೆಗೆಯಿರಿ ಎಂದಿರಲ್ಲ, ಅದೇ ಬಾಗಿಲಾಚೆ ನಿಮ್ಮ ಅತಿಥಿಗಳಿಗಾಗಿ ಗೋಡೆ ಉಜ್ಜಿ ಬಣ್ಣ ಬಳಿಯುತ್ತಿದ್ದರು. ಆ ಪುಡಿ ಒಳಗೆ ಬಂದರೆ ಎಲ್ಲ ಗೋಲಿಗಳೂ ಹಾಳು. ರಾಜೇಶ್ರೀ ಬಾಗಿಲು ಹಾಕಿಕೊಂಡು ಯಂತ್ರ ಚಾಲೂ ಮಾಡಿದಳು. ನಾನು ಪಕ್ಕದ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದೆ. ಕರೆದರೆ ಆಕೆ ಓಗೊಡಲಿಲ್ಲ. ಬಾಗಿಲು ತಳ್ಳಿದೆ. ಕೊಳವೆಯ ಕೀಲು ಸಡಿಲಾಗಿ ಅನಿಲ ಸುಯ್ ಎನ್ನುತ್ತಿತ್ತು, ಆಕೆ ಪಾತ್ರೆಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಒಳಗೆ ಕಾಲಿಟ್ಟೊಡನೆ ನನಗೂ ತಲೆ ತಿರುಗಿತು. ಕೂಗು ಕೇಳಿ ಓಡಿಬಂದ ಪರ್ವೇಜ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಆಕೆಯ ತೋಳು ಹಿಡಿದು ಎಳೆದ. "ನನ್ನ ಕೈಲೇ ಫ್ಯಾನ್ ತೆಗ್ದೆ ಮೇಡಂ, ಇದೇ ಕೈಲೇ" ಎನ್ನುತ್ತಲೇ ಇದ್ದ.

ದವಾಖಾನೆಗೆ ನೀವು ಬಂದಿರಿ, ಇಲ್ಲವೆನ್ನಲಾರೆ. ಫೋಟೊದವನನ್ನೂ ಕರೆತಂದಿರಿ. ಪ್ರತಿವರ್ಷ ಕಮಲಾಪುರದ ತೋಟದಿಂದ ನಿಮ್ಮ ಮನೆಗೆ ಕೆಂಪು ಬಾಳೆಗೊನೆ ಮುಟ್ಟಿಸುತ್ತಿದ್ದವಳು ಪ್ರಜ್ಞೆಯಿಲ್ಲದೆ ಮಲಗಿದ್ದಳು. ಏನು ಮಾತಾಡಬೇಕೆಂದು ತೋಚದೆ ನೀವು ಅವಳ ತಾಯಿ ಬಂಡಮ್ಮನನ್ನು, "ಈ ಸಲ ಬಾಳಿ ಹ್ಯಾಂಗ್ ಅದಾವಮ್ಮ?" ಎಂದು ಕೇಳಿದಿರಿ. ಬಂಡಮ್ಮ ಸೆರಗು ಸರಿಮಾಡಿಕೊಂಡು, "ಚಲೋ ಅದಾವ್ರಿ. ಮಗಳು ಎದ್ದ ಮ್ಯಾಲ ಅಕೀನೇ ತರ್ತಾಳ್ರಿ" ಎಂದಳು. ನೀವು ತಲೆಯಾಡಿಸಿದಿರಿ.

ಮಗಳು ಎದ್ದಳು. ಆದರೆ ಮಿದುಳಿಗೆ ಗಾಳಿ ಸಿಗದ ಆ ಹೊತ್ತು ಆಕೆಯ ಕೈಗಳನ್ನೂ ಮಾತನ್ನೂ ತಿಂದುಹಾಕಿತ್ತು. ಈಗ ಕಮಲಾಪುರದ ತವರಿನಲ್ಲಿದ್ದಾಳೆ. ಚಮಚ ಬಾಯಿಗೆ ಹೋಗುವ ಮೊದಲೇ ಅನ್ನ ಚೆಲ್ಲುತ್ತದೆ. ಆಕೆಯ ಚಿಕ್ಕ ಮಗಳು ಅವ್ವನ ಹಾಗೆ ಕೈ ನಡುಗಿಸಿ ಆಟವಾಡುತ್ತಾಳೆ. ಬಂಡಮ್ಮ ಹೊಡೆಯಲು ಹೋದರೆ ರಾಜೇಶ್ರೀಯೇ ಅಡ್ಡ ಬರುತ್ತಾಳೆ. ಡಾಕ್ಟರು ಇನ್ನು ಇಷ್ಟೇ ಎಂದಿದ್ದಾರೆ.

ನಿಮ್ಮ ಸಮಾರಂಭ ಮಾತ್ರ ನಿಲ್ಲಲಿಲ್ಲ. ಗೋಲಿ ಸಿಗದ ಕಾರಣ ಮಖಮಲ್ಲಿನ ಮೇಲೆ ಒಂದು ಸಾಬೂದಾಣಿ ಕಾಳು ಇಡಿಸಿದಿರಿ. ಅತಿಥಿಗಳು ಭೂತಗನ್ನಡಿಯಲ್ಲಿ ಬಗ್ಗಿ ನೋಡಿ, ದೇಶದ ಭವಿಷ್ಯ ಇದರೊಳಗಿದೆ ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಆಮೇಲೆ ರಾಜೇಶ್ರೀಗೆ ನೋಟಿಸು ಹೋಯಿತು: ಗಾಳಿಯ ವ್ಯವಸ್ಥೆ ಇಲ್ಲವೆಂದು ಗೊತ್ತಿದ್ದೂ ಯಂತ್ರ ನಡೆಸಿದ ನಿರ್ಲಕ್ಷ್ಯಕ್ಕೆ ಆಕೆಯನ್ನೇಕೆ ವಜಾ ಮಾಡಬಾರದು? ಗಾಳಿ ಇರಲಿಲ್ಲವೆಂದು ಒಪ್ಪಿಕೊಂಡಿರಲ್ಲ, ಕೃತಜ್ಞತೆಗಳು. ಅದು ಎಲ್ಲಿಗೆ ಹೋಯಿತೆಂದೂ ಬರೆಸಬಹುದಿತ್ತು. ಸಹಿ ಹಾಕುವಾಗ ನಿಮ್ಮ ಕೈ ಒಂದಿಷ್ಟೂ ನಡುಗಲಿಲ್ಲವೆಂದು ಅಕ್ಷರ ನೋಡಿದರೇ ತಿಳಿಯುತ್ತದೆ.

ಆ ನೋಟಿಸನ್ನು ಹಿಂತೆಗೆದುಕೊಳ್ಳಿ. ಅಧ್ಯಕ್ಷರ ಕುರ್ಚಿಯಿಂದ ಇಳಿದು ಉತ್ತರ ಕೊಡುವವರ ಬೆಂಚಿಗೆ ಬನ್ನಿ. ವಿಚಾರಣೆ ಎಲ್ಲರೆದುರು ನಡೆಯಲಿ. ಪರ್ವೇಜ್ ಬಂದು ಹೇಳುತ್ತೇನೆಂದಿದ್ದಾನೆ, ನಾನೂ ಹೇಳುತ್ತೇನೆ. ಆದರೆ ಮೊದಲ ಮಾತು ರಾಜೇಶ್ರೀಯದು. ಒಂದೊಂದು ಶಬ್ದಕ್ಕೂ ಆಕೆಗೆ ಬಹಳ ಹೊತ್ತು ಹಿಡಿಯುತ್ತದೆ, ನಡುವೆ ಜೊಲ್ಲು ಸುರಿಯುತ್ತದೆ, ಬಂಡಮ್ಮ ಒರೆಸುತ್ತಾಳೆ. ಅಷ್ಟು ಹೊತ್ತೂ ನೀವು ಆಕೆಯ ಮುಖ ನೋಡುತ್ತ ಕೂತಿರಬೇಕು. ಎದ್ದು ಹೋಗುವಂತಿಲ್ಲ. ಆಕೆಯ ವಾಕ್ಯವನ್ನು ನೀವು ಮುಗಿಸಿಕೊಡುವಂತೆಯೂ ಇಲ್ಲ.

ಇಂತಿ,
ಈ ಪತ್ರದ ನಂತರ ಗುತ್ತಿಗೆ ಮುಂದುವರಿಯದೆಂದು ಬಲ್ಲ
ಪ್ರಿಯದರ್ಶಿನಿ
ಶಹಾಬಜಾರ, ಕಲಬುರಗಿ